ಡಬ್ಬಿಗಳ ಹಿಂದೆ ಸಿಕ್ಕ ಲೋಟ

ಇವಳೇ,

ಮಗಳನ್ನು ಕರೆತರಲು ಸ್ಟೇಷನ್ನಿಗೆ ಹೊರಟೆ. ಅಡುಗೆಮನೆ ನೋಡಿ ರೇಗಬೇಡ. ನೀನು ತೊಳೆದು ಜೋಡಿಸಿಟ್ಟ ಐಸ್‌ಕ್ರೀಮ್ ಡಬ್ಬಿಗಳಲ್ಲಿ ಈಗ ನನ್ನ ಮೊಳೆ, ಸ್ಕ್ರೂಗಳಿವೆ. ಬಿಸಿ ಊಟ ಪ್ಲಾಸ್ಟಿಕ್‌ಗೆ ಹಾಕಿದರೆ ಅದರ ಕೆಮಿಕಲ್ ಊಟಕ್ಕಿಳಿದು ಹಾರ್ಮೋನು ಕೆಡಿಸುತ್ತದಂತೆ, ಬಸುರಿಯರಿಗಂತೂ ಬೇಡವೇ ಬೇಡವಂತೆ. ಅವಳು ಫೋನಿನಲ್ಲಿ ಹೇಳಿದಾಗ ಹೂಂಗುಟ್ಟಿದವಳು ನೀನೇ.

ಅನ್ನ ಸ್ಟೀಲ್ ಪಾತ್ರೆಯಲ್ಲೇ ಇರಲಿ. ಅವಳ ಕೋಣೆಗೆ ಆ ಘಮಘಮ ಸ್ಪ್ರೇ ಹೊಡೆಯಬೇಡ, ಅದರಲ್ಲೂ ಅಂಥದ್ದೇ ಕೆಮಿಕಲ್ ಇರುತ್ತದಂತೆ; ಕಿಟಕಿ ತೆಗೆದರೆ ಸಾಕು. ನನ್ನ ಸೆಂಟನ್ನೂ ಎಸೆದಿದ್ದೇನೆ, ಲೆಕ್ಕ ಚುಕ್ತಾ.

ಡಬ್ಬಿಗಳ ಹಿಂದೆ ಅವಳ ಪುಟ್ಟ ಸ್ಟೀಲ್ ಲೋಟ ಸಿಕ್ಕಿತು. ಕಳೆದೇಹೋಯಿತೆಂದು ಎಷ್ಟು ಗೋಳಾಡಿದ್ದೆ ನೀನು. ತಿಕ್ಕಿ ಬೆಳಗಿಟ್ಟಿದ್ದೇನೆ. ಅವಳು ಎಸೆದೆಸೆದು ಮಾಡಿದ ನೆಗ್ಗುಗಳು ಹಾಗೇ ಇವೆ. ಮೊಮ್ಮಗುವಿನ ನೆಗ್ಗುಗಳಿಗೂ ಒಂದಿಷ್ಟು ಜಾಗ ಉಳಿದಿದೆ.