ಜಪಾನಿ ಹುಡುಗಿಯ ದನಿ

ಬನ್ನೂರು
9-8-2005

ಸಿ.ಡಿ. ಕಂಪನಿಯ ಸಾಹೇಬರಿಗೆ ನಮಸ್ಕಾರ.

ಕನ್ನಡದಲ್ಲಿ ಬರೆದರೆ ಅಲ್ಲಿ ಓದುವವರು ಇರುತ್ತಾರೋ ಇಲ್ಲವೋ ಎಂದು ಭಯ. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು, ತಪ್ಪಿದ್ದರೆ ಬೇಸರ ಮಾಡಬೇಡಿ.

ಮಗಳು ಕೋಮಲ ಹಾಸ್ಟೆಲಿಗೆ ಹೋದ ಮೇಲೆ, ಅವಳು ಬಿಟ್ಟುಹೋದ ನಿಮ್ಮ ಜಪಾನಿ ಕಾರ್ಟೂನ್ ಸಿ.ಡಿ. ಹಾಕಿಕೊಂಡೇ ನಾನು ಬಟ್ಟೆ ಹೊಲಿಯುವುದು. ಮಾತು ಒಂದೂ ತಿಳಿಯದು, ಅದರಲ್ಲಿ ಬರುವ ಸ್ಕೂಲು ಹುಡುಗಿಯ ದನಿ ಮಾತ್ರ ಅಭ್ಯಾಸವಾಗಿಬಿಟ್ಟಿದೆ. "ಯಾರಮ್ಮಿ ಒಳಗೆ, ನೆಂಟ್ರಾ?" ಎಂದು ಪಕ್ಕದ ಮನೆಯ ವೆಂಕಟಮ್ಮ ನಗುತ್ತಾಳೆ.

ಈಗ ಬಂದಿರುವ ಮುಂದಿನ ಭಾಗದಲ್ಲಿ ಅದೇ ಹುಡುಗಿ ಹಿಂದಿ ಮಾತಾಡುತ್ತಾಳೆ. ಸಿ.ಡಿ. ಕೆಟ್ಟಿದೆಯೆಂದು ಮೈಸೂರಿನ ಅಂಗಡಿಗೆ ವಾಪಸ್ ಒಯ್ದೆ. "ಕೆಟ್ಟಿಲ್ಲ ಕಣಮ್ಮ, ಕಂಪನಿಯೋರೇ ದನಿ ಬದಲಾಯ್ಸವ್ರೆ. ಇನ್ಮೇಲೆ ಜಪಾನಿದು ಇಲ್ಲಿಗೆ ಬರಾಕಿಲ್ಲ" ಎಂದರು.

ಉಳಿದ ಭಾಗಗಳನ್ನಾದರೂ ಮೊದಲಿನ ದನಿಯಲ್ಲೇ ಕಳಿಸಿಕೊಡಿ. ಆ ಹುಡುಗಿ ಸ್ಕೂಲಿನಿಂದ ಬಂದು ಬಾಗಿಲಲ್ಲಿ ಷೂ ಬಿಚ್ಚುತ್ತಾ ಏನೋ ಒಂದು ಕೂಗುತ್ತಿದ್ದಳು. ನಾನು ಮಿಷನ್ ತುಳಿಯುತ್ತಲೇ "ಬಾ ಮಗ" ಎನ್ನುತ್ತಿದ್ದೆ. ಹಿಂದಿಯಲ್ಲಿ ಅವಳು ಕೂಗುವುದೇ ಇಲ್ಲ, ಸುಮ್ಮನೆ ಒಳಗೆ ಬಂದುಬಿಡುತ್ತಾಳೆ.

ಇಂತಿ, ತಮ್ಮ ಸಿ.ಡಿ. ಗಿರಾಕಿ
ಚಿಕ್ಕತಾಯಮ್ಮ, ಟೈಲರ್