ಸದ್ದಿಲ್ಲದ ಬೆಳಗಿನ ಆಟ

ತಾರೀಖು ಹದಿನಾಲ್ಕು
ನನ್ನ ವಾರದ ರಜೆಯ ದಿನ

ಇವಳೇ,

ಹೌದು, ಮಗಳು ಯಾವ ಬಸ್ಸಿಗೆ ಬರುತ್ತಾಳೆ, ಎಷ್ಟು ಗಂಟೆಗೆ ಇಳಿಯುತ್ತಾಳೆ ಅಂತ ಆ ಹುಡುಗನಿಗೆ ಹೇಳಿಕೊಟ್ಟಿದ್ದು ನಾನೇ. ಆ ಸಂಜೆ ನೀನು ಕೇಳಿದಾಗ ಗೋಡೆಯ ಮೇಲಿನ ಹಲ್ಲಿ ನೋಡುತ್ತಾ ಕೂತಿದ್ದೆನಲ್ಲ, ಅಲ್ಲಿ ಹಲ್ಲಿ ಇರಲೇ ಇಲ್ಲ. ನಿನಗೂ ಅದು ಗೊತ್ತಿತ್ತು ಅಂತ ಕಾಣುತ್ತೆ.

ಅಕ್ಷರ ನೋಡಿ ಡಾಕ್ಟರ ಚೀಟಿ ಬಂತು ಅಂದುಕೊಳ್ಳಬೇಡ. ಐದನೇ ಕ್ಲಾಸಿನಲ್ಲೇ ನಾನೂ ಮೇಷ್ಟ್ರೂ ಒಬ್ಬರಿಗೊಬ್ಬರು ಕೈಮುಗಿದು ಬೇರೆಯಾದವರು. ಮದುವೆಗೆ ಮುಂಚೆ ನಿನಗೆ ನಲವತ್ತೊಂದು ಕಾಗದ ಬರೆದೆ. ಮದುವೆಯಾದ ಮೇಲೆ ಬರೆಯುತ್ತಿರುವುದು ಇದೇ ಮೊದಲನೆಯದು. ಆ ನಲವತ್ತೊಂದಕ್ಕೂ ನೀನು ಉತ್ತರ ಬರೆಯಲಿಲ್ಲ. ನಾಚಿಕೆ ಅಂತ ನಾನೇ ಅರ್ಥ ಮಾಡಿಕೊಂಡೆ. ಅರ್ಥ ಮಾಡಿಕೊಳ್ಳುವುದರಲ್ಲಿ ನಾನು ಯಾವಾಗಲೂ ಫಸ್ಟ್ ಕ್ಲಾಸು.

ಆ ಹುಡುಗ ಮಗಳು ಕೆಲಸ ಮಾಡುವ ಜೆರಾಕ್ಸ್ ಅಂಗಡಿಗೆ ದಿನಾ ಒಂದೇ ಒಂದು ಹಾಳೆ ಹಿಡಿದು ಬರುತ್ತಾನೆ ಅಂತ ನೀನು ಮೊದಲ ಸಲ ಹೇಳಿದಾಗ ನಾನು ತೊಡೆ ತಟ್ಟಿ ನಕ್ಕೆ. ನನ್ನ ಕಾಲದಲ್ಲಿ ಮಾತ್ರೆ, ಇವನ ಕಾಲದಲ್ಲಿ ಹಾಳೆ, ಇವನು ನನ್ನ ಶಿಷ್ಯನೇ ಸರಿ ಅಂದೆ. ಅವನು ಥಿಯೇಟರಿಗೆ ಬಂದು ನನ್ನನ್ನು ಮಾವ ಅಂತ ಕರೆದ. ಹಲ್ಲು ಚೆನ್ನಾಗಿತ್ತು, ಕೂದಲು ಚೆನ್ನಾಗಿತ್ತು. ನಾನು ಸಿನಿಮಾ ಓಡಿಸುವ ಮೆಷಿನ್ ಕೋಣೆಯಲ್ಲಿ ಕೂರಿಸಿ, ಟೀ ಕುಡಿಸಿ, ನಮ್ಮ ಕಥೆ ಪೂರ್ತಿ ಹೇಳಿದೆ. ಕಥೆಯ ಜೊತೆಗೆ ಬಸ್ಸನ್ನೂ ಹೇಳಿದೆ. ಕೋತಿ ತಾನು ಕೆಡೋದಲ್ಲದೆ ವನವನ್ನೂ ಕೆಡಿಸಿತಂತೆ.

ಮಾರನೇ ದಿನ ಅವನು ಬಸ್ ಸ್ಟಾಪಿನಲ್ಲಿ ಮಗಳ ಕೈ ಹಿಡಿದು ಎಳೆದ. ಅವಳು ಮಣಿಕಟ್ಟು ಸವರಿಕೊಳ್ಳುತ್ತಾ ಒಳಗೆ ಬಂದಾಗ ನಾನು ಏನು ಹೇಳಿದೆ? ನಿಮ್ಮಮ್ಮನೂ ಹೀಗೇ ಮುನಿಸಿಕೊಂಡಿದ್ದಳು ಕಣೇ, ಕೊನೆಗೆ ನನ್ನನ್ನೇ ಕಟ್ಟಿಕೊಳ್ಳಲಿಲ್ಲವಾ ಅಂದೆ. ನೀನು ಒಲೆ ಆರಿಸಿ ಬಂದು ಒಂದು ಮಾತು ಹೇಳಿದೆ.

‘ನಾನು ಮುನಿಸಿಕೊಂಡಿರ್ಲಿಲ್ಲ ರೀ. ಹೆದರಿಕೊಂಡಿದ್ದೆ.’

ಆಮೇಲೆ ನೀನು ಬಸ್ಸಿನ ವಿಷಯ ಕೇಳಿದೆ, ನಾನು ಇಲ್ಲದ ಹಲ್ಲಿ ನೋಡಿದೆ. ಬೆಳಗಾಗುವಷ್ಟರಲ್ಲಿ ನೀವಿಬ್ಬರೂ ನಿಮ್ಮಕ್ಕನ ಮನೆಗೆ ಹೊರಟಿದ್ದಿರಿ. ನನಗೆ ಆಗಲೂ ತಲೆಗೆ ಹೋಗಲಿಲ್ಲ. ಹೆಂಗಸರಿಗೆ ಸಿಟ್ಟು ಬಂದರೆ ನಾಲ್ಕು ದಿನ ಅಂತ ಕೆಳಗಿನ ಮನೆಯ ನಮ್ಮಕ್ಕನ ಮುಂದೆ ಜಂಬ ಕೊಚ್ಚಿಕೊಂಡೆ.

ಹೋದ ವಾರ ನಮ್ಮ ಥಿಯೇಟರಿನಲ್ಲಿ ಆ ಹಳೇ ಚಿತ್ರ ಮತ್ತೆ ಹಾಕಿದರು, ನಾನು ನಿನ್ನ ಹಿಂದೆ ಬಿದ್ದಿದ್ದ ವರ್ಷ ನೂರು ದಿನ ಓಡಿತ್ತಲ್ಲ, ಅದೇ. ಮೂಲೆ ಸೇರಿದ್ದ ಹಳೇ ಮೆಷಿನ್ ಎರಡನ್ನೂ ಒರೆಸಿ, ಎಣ್ಣೆ ಬಿಟ್ಟು, ರೀಲು ಹಾಕಿದೆ. ಹೀರೋ ಬಸ್ಸಿಗೆ ಸ್ಕೂಟರ್ ಅಡ್ಡ ಹಾಕುವುದು, ಹೀರೋಯಿನ್ನಿನ ಪುಸ್ತಕ ಕಿತ್ತುಕೊಂಡು ಕುಣಿಯುವುದು, ಅವಳ ಅಪ್ಪನ ಬಾಗಿಲಲ್ಲಿ ಬ್ಲೇಡು ಹಿಡಿದು ನಿಲ್ಲುವುದು, ಎಲ್ಲಾ ನನಗೆ ಬಾಯಿಪಾಠ. ಎಲ್ಲವನ್ನೂ ನಾನು ನಿನ್ನ ಮೇಲೆ ಪ್ರಯೋಗ ಮಾಡಿದವನಲ್ಲವಾ.

ಬೆಳಗಿನ ಆಟದಲ್ಲಿ ನಮ್ಮ ಕೋಣೆಯ ಪುಟ್ಟ ಸ್ಪೀಕರ್ ಸುಟ್ಟುಹೋಯಿತು. ಕೆಳಗೆ ಜನಕ್ಕೆ ಎಲ್ಲಾ ಕೇಳುತ್ತಿತ್ತು, ನನಗೆ ಮಾತ್ರ ಮೆಷಿನ್ನಿನ ಕಟಕಟ ಬಿಟ್ಟರೆ ಏನೂ ಇಲ್ಲ. ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟು ನಿಂತೆ. ಹಾಡಿಲ್ಲ, ಪಿಟೀಲಿಲ್ಲ, ತಮಾಷೆಯ ಡೈಲಾಗಿಲ್ಲ. ಒಬ್ಬ ಗಂಡಸು ಒಬ್ಬ ಹುಡುಗಿಯ ದಾರಿಗೆ ಅಡ್ಡ ನಿಂತಿದ್ದಾನೆ. ಅವಳು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಹಾಡಿದ್ದಾಗ ಅದು ಕುಣಿತದ ಹಾಗೆ ಕಾಣುತ್ತಿತ್ತು. ಅವನು ನಗುತ್ತಿದ್ದಾನೆ, ಸುತ್ತ ನಿಂತವರೂ ನಗುತ್ತಿದ್ದಾರೆ. ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಾಳೆ, ಯಾರಾದರೂ ಬರುತ್ತಾರಾ ಅಂತ. ಇಷ್ಟು ವರ್ಷ ನಾನು ಹೀರೋನನ್ನೇ ನೋಡಿದ್ದೆ. ಅವಳ ಕಣ್ಣು ನೋಡಿದ್ದು ಅವತ್ತೇ.

ಔಷಧಿ ಅಂಗಡಿಯ ಕೌಂಟರಿನಲ್ಲಿ ನೀನೂ ಹಾಗೇ ನೋಡುತ್ತಿದ್ದೆ. ನಾನು ತಲೆನೋವಿಲ್ಲದೆ ತಲೆನೋವಿನ ಮಾತ್ರೆ ಕೇಳಿದಾಗೆಲ್ಲ ನಿನ್ನ ಕಣ್ಣು ಒಳಗಿದ್ದ ಯಜಮಾನರ ಕಡೆ ಹೋಗುತ್ತಿತ್ತು. ನಾಚಿಕೆಗೆ ಕಣ್ಣು ತಪ್ಪಿಸುತ್ತಿದ್ದಳು ಅಂತ ಎಷ್ಟು ಮದುವೆಮನೆಗಳಲ್ಲಿ ಹೇಳಿ ನಗಿಸಿದ್ದೇನೆ. ನೀನು ಕೆಲಸ ಬಿಟ್ಟು ಇನ್ನೊಂದು ಅಂಗಡಿ ಸೇರಿದೆ, ನಾನು ಅಲ್ಲಿಗೂ ಬಂದೆ. ನೀನು ಬಸ್ ಬದಲಿಸಿದೆ, ನಾನು ಅದಕ್ಕೂ ಹತ್ತಿದೆ. ಎರಡು ದಿನ ನಿಮ್ಮಪ್ಪನ ಬಾಗಿಲಲ್ಲಿ ಕೈ ಕೊಯ್ದುಕೊಳ್ಳುತ್ತೇನೆ ಅಂತ ಬ್ಲೇಡು ಹಿಡಿದು ಕೂತೆ. ಬೀದಿಯವರ ಬಾಯಿಗೆ ಹೆದರಿ ಅವರು ಒಪ್ಪಿದರು. ಜನ ಆ ಕಥೆ ಹೇಳು ಹೇಳು ಅಂತ ಸುತ್ತ ಕೂತರೆ ನಾನು ಅಭಿನಯ ಮಾಡಿ ತೋರಿಸುತ್ತಿದ್ದೆ. ಪ್ರತಿ ಸಲ ಬ್ಲೇಡಿನ ಜಾಗಕ್ಕೆ ಬರುವಷ್ಟರಲ್ಲಿ ನೀನು ನೀರು ತರಲು ಎದ್ದು ಹೋಗಿರುತ್ತಿದ್ದೆ. ಆ ನೀರು ಯಾವತ್ತೂ ಬರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಆ ಕಿಂಡಿಯ ಮುಂದೆ.

ರೀಲು ಮುಗಿಯುವ ಮುಂಚೆ ಪರದೆಯ ಮೂಲೆಯಲ್ಲಿ ಒಂದು ಚುಕ್ಕಿ ಬರುತ್ತೆ, ಆಗ ಎರಡನೇ ಮೆಷಿನ್ ಶುರು ಮಾಡಬೇಕು. ನನ್ನ ಸರ್ವೀಸಿನಲ್ಲಿ ಆ ಚುಕ್ಕಿ ತಪ್ಪಿಸಿದವನಲ್ಲ. ಅವತ್ತು ತಪ್ಪಿತು. ಪರದೆ ಬೆಳ್ಳಗಾಯಿತು, ಜನ ಕೂಗಿದರು. ಮ್ಯಾನೇಜರು ಬಂದು, ನಿದ್ದೆ ಹೊಡೆಯುತ್ತಿದ್ದೀಯೇನೋ ಅಂದರು. ಇಲ್ಲ ಸಾರ್, ಈಗ ಎದ್ದೆ ಅಂದೆ. ಅವರಿಗೆ ಅದೂ ಜೋಕಾಯಿತು.

ಆಮೇಲೆ ಆ ಹುಡುಗನನ್ನು ಹುಡುಕಿಕೊಂಡು ಹೋದೆ. ಮಗಳ ತಂಟೆಗೆ ಬರಬೇಡ ಅಂದೆ. ಅವನು ಅದೇ ಹಲ್ಲು ತೋರಿಸಿ ನಕ್ಕ.

‘ಬೇಡ ಅಂದ್ರೆ ಬಿಡಬಾರ್ದು ಅಂತ ನೀವೇ ಅಲ್ವಾ ಮಾವ ಹೇಳಿದ್ದು?’

ಅಲ್ಲೇ ತಿರುಗಿದೆ. ಸೀದಾ ಪೊಲೀಸ್ ಠಾಣೆಗೆ ಹೋದೆ. ಬರೆದುಕೊಳ್ಳುತ್ತಿದ್ದ ಪೊಲೀಸಮ್ಮ, ಹುಡುಗಿಯ ಬಸ್ಸು ಅವನಿಗೆ ಹೇಗೆ ಗೊತ್ತಾಯಿತು ಅಂತ ಕೇಳಿದರು. ನಾನೇ ಹೇಳಿದೆ ಅಂದೆ. ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. ಬರೆದುಕೊಳ್ಳಿ ಮೇಡಂ ಅಂದೆ, ಬರೆದುಕೊಂಡರು. ಅದರ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಅವರು ಅವನನ್ನು ಕರೆಸಿ ಬುದ್ಧಿ ಹೇಳಿದ್ದಾರೆ. ಮುಂದಕ್ಕೆ ಹೋಗಬೇಕಾದರೆ ಮಗಳೇ ಬಂದು ಹೇಳಬೇಕಂತೆ. ಹೇಳುವುದೂ ಬಿಡುವುದೂ ಅವಳಿಷ್ಟ. ನಾನು ನಡುವೆ ಬಾಯಿ ಹಾಕುವುದಿಲ್ಲ.

ಮನೆ ಹೇಗಿದೆ ಅಂದರೆ, ಬೆಳಿಗ್ಗೆ ಮರೆತು ಮೂರು ಲೋಟ ಟೀ ಮಾಡುತ್ತೇನೆ, ಮೂರನ್ನೂ ನಾನೇ ಕುಡಿಯುತ್ತೇನೆ. ನಿನ್ನ ಬಾಚಣಿಗೆಯಲ್ಲಿ ಎರಡು ಕೂದಲಿವೆ, ತೆಗೆಯಲು ಮನಸ್ಸಿಲ್ಲ. ಊರೆಲ್ಲಾ ನನ್ನ ಜೋಕಿಗೆ ನಗುತ್ತಿತ್ತು, ನಗದೆ ಇದ್ದವಳು ನೀನೊಬ್ಬಳೇ. ಈಗ ನಗದೆ ಇರುವುದಕ್ಕೂ ಮನೆಯಲ್ಲಿ ಯಾರೂ ಇಲ್ಲ. ಒಂದು ಸಲ ನಾನು ಸುಣ್ಣದ ಡಬ್ಬಿಯೊಳಗೆ ಕಾಲಿಟ್ಟಾಗ ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ, ನೆನಪಿದೆಯಾ? ಅದೊಂದಾದರೂ ಹೆದರಿಕೆಯಿಲ್ಲದ ನಗುವಾ? ಕೇಳಬೇಕು ಅನ್ನಿಸುತ್ತೆ. ಉತ್ತರ ಬರೆಯಲೇಬೇಕು ಅಂತೇನಿಲ್ಲ. ಬರದಿದ್ದರೆ ಈ ಸಲ ನಾಚಿಕೆ ಅಂದುಕೊಳ್ಳುವುದಿಲ್ಲ.

ನಿನ್ನನ್ನು ಕರೆಯಲು ನಾನು ಬರುವುದಿಲ್ಲ. ಚಿತ್ರದಲ್ಲಾದರೆ ಕೊನೆಯ ರೀಲಿನಲ್ಲಿ ಓಡಿ ಬಂದುಬಿಡುತ್ತಾನೆ, ಅವಳಿಗೆ ಬೇಕಾ ಅಂತ ಯಾರೂ ಕೇಳುವುದಿಲ್ಲ. ಮಗಳ ಕೆಲಸ ಇಲ್ಲೇ ಇದೆ, ನಿಮ್ಮಕ್ಕನ ಮನೆಯಲ್ಲಿ ನೀವು ಎಷ್ಟು ದಿನ ಅಂತ ಮುದುರಿಕೊಂಡು ಮಲಗುತ್ತೀರಿ? ಇದು ನಿಮ್ಮ ಮನೆ. ನೀವಿಬ್ಬರೂ ಬಂದು ಇರಿ. ಥಿಯೇಟರಿನ ಹಿಂದೆ ಪೋಸ್ಟರ್ ಇಡುವ ಕೋಣೆ ಖಾಲಿಯಿದೆ, ಮ್ಯಾನೇಜರನ್ನು ಕೇಳಿ ನನ್ನ ಹಾಸಿಗೆ ಇವತ್ತು ಅಲ್ಲಿಗೆ ಸಾಗಿಸಿದ್ದೇನೆ. ಈ ಕಾಗದ ಮುಗಿಸಿ ಇಳಿದವನೇ ಬೀಗದ ಕೈ ಕೆಳಗೆ ನಮ್ಮಕ್ಕನಿಗೆ ಕೊಡುತ್ತೇನೆ. ಆಮೇಲೆ ನೀನು ಹೇಳಿಕಳಿಸುವವರೆಗೂ ನಾನು ಮೆಟ್ಟಿಲು ಹತ್ತುವುದಿಲ್ಲ. ಹೇಳಿಕಳಿಸದಿದ್ದರೂ ಅದು ನಿನ್ನ ಮಾತೇ.

ಇನ್ನೂ ಏನೋ ಬರೆಯಬೇಕಿತ್ತು. ಕೆಳಗಿನಿಂದ ಅಕ್ಕ ಮೂರನೇ ಸಲ ಊಟಕ್ಕೆ ಕೂಗುತ್ತಿದ್ದಾಳೆ, ತಟ್ಟೆ ಹಾಕಿದ್ದಾಳಂತೆ, ತಣ್ಣಗಾದ ಮೇಲೆ ತಿನ್ನುವುದಾದರೆ ನಾಳೆಯಿಂದ ನೀನೇ ಬೇಯಿಸಿಕೋ ಅಂತಿದ್ದಾಳೆ. ಏಳುತ್ತೇನೆ.

ಇಂತಿ,
ಮಗಳ ಅಪ್ಪ
(ನಿನಗೆ ಏನಾಗಬೇಕು ಅಂತ ನೀನೇ ಬರೆದುಕೋ)

ಮರೆತಿದ್ದು: ಸೋಮವಾರ, ಮಂಗಳವಾರ, ಬುಧವಾರ ಸಂಜೆ ನಿಮ್ಮಕ್ಕನ ಮನೆಯ ಎದುರು ಸೈಕಲ್ ಅಂಗಡಿಯ ಮರೆಯಲ್ಲಿ ನಿಂತಿದ್ದವನು ನಾನೇ. ಎಲ್ಲಾ ಅರ್ಥವಾದ ಮೇಲೂ ಕಾಲು ತಾನಾಗಿ ಬಂದುಬಿಟ್ಟಿತ್ತು. ನಿನ್ನೆ ನೀನು ನೋಡಿದೆ, ಮಗಳನ್ನು ಒಳಗೆ ಕಳಿಸಿ ಕಿಟಕಿ ಮುಚ್ಚಿದೆ. ನಾನು ನಿನ್ನ ಕಣ್ಣು ನೋಡಿದೆ. ಇವತ್ತು ಬರುವುದಿಲ್ಲ, ಇನ್ನು ಯಾವತ್ತೂ ಬರುವುದಿಲ್ಲ. ಕಿಟಕಿ ತೆರೆದುಕೊಳ್ಳಿ, ಸೆಖೆ ಇದೆ.