ಪಕ್ಕದ ಸೀಟಿನ ಬ್ರೇಕು

ಅಕ್ಕನ ಮನೆ
ಗುರುವಾರ ಮಧ್ಯಾಹ್ನ

ನನ್ನ ದೊರೆಗೆ,

ಹಣೆಯ ಹೊಲಿಗೆ ಬಿಚ್ಚಿದರು. ಅಕ್ಕ ಮಾತ್ರ ನನ್ನನ್ನು ಹಾಸಿಗೆಯಿಂದ ಏಳಲು ಬಿಡುತ್ತಿಲ್ಲ. ನಿನ್ನ ಬಲಗಾಲಿನ ಊತ ಇಳಿಯಿತೇ? ಆ ಕಾಲಿನ ವಿಚಾರವೇ ನನ್ನ ತಲೆ ತಿನ್ನುತ್ತಿದೆ. ಫೋನಿನಲ್ಲಿ ಕೇಳಿದರೆ ಮಾತು ಹಾರಿಸುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಡ್ರೈವಿಂಗ್ ಸ್ಕೂಲಿನ ಯಜಮಾನರು ನಿನ್ನೆ ಬಂದಿದ್ದರು. ಕೈಯಲ್ಲಿ ಹಣ್ಣು, ಮುಖದಲ್ಲಿ ಗಂಟು. ಹೆದ್ದಾರಿಯಲ್ಲಿ ಹಿಂದಿನ ಲಾರಿ ತಾಗಿದ್ದು ನಿಜ; ಆದರೆ ಕಾರು ಗಿರ್ರನೆ ತಿರುಗಿ ತಡೆಗೋಡೆಗೆ ಬಡಿದದ್ದು ನಾನು ಗಾಬರಿಯಲ್ಲಿ ಬ್ರೇಕ್ ತುಳಿದದ್ದರಿಂದ ಎಂದು ನೀನೇ ಹೇಳಿದೆಯಂತೆ. ‘ಕಲಿಸೋರಿಗೇ ಹಿಡಿತ ತಪ್ಪಿದ್ರೆ ಯಾರನ್ನ ನಂಬಿ ಜನ ಕಲಿಯೋಕೆ ಬರ್ತಾರಮ್ಮ?’ ಎಂದರು. ಸೋಮವಾರದೊಳಗೆ ಸರಿಯಾದ ಉತ್ತರ ಕೊಡದಿದ್ದರೆ ನನ್ನ ಕೆಲಸ ಹೋದ ಹಾಗೇ.

ಅಲ್ಲ ಮಾರಾಯ, ನಾನು ಬ್ರೇಕ್ ತುಳಿದೆನೇ? ಕಾರು ಜಾರಿದರೆ ಮೊದಲು ಕಾಲು ತೆಗೆಯಿರಿ ಎಂದು ದಿನಾ ಗಂಟಲು ಹರಿದುಕೊಳ್ಳುವವಳು ನಾನು! ಅಂದೂ ಎರಡೂ ಕಾಲು ಹಿಂದಕ್ಕೆಳೆದುಕೊಂಡಿದ್ದೆ. ಕಾರು ಇನ್ನೇನು ನೆಟ್ಟಗಾಗುತ್ತಿತ್ತು. ಅಷ್ಟರಲ್ಲಿ ನಾನು ತುಳಿಯದ ಬ್ರೇಕ್ ಬಿತ್ತು, ಚಕ್ರಗಳು ಕಚ್ಚಿಕೊಂಡವು, ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನನ್ನ ಮಾತು ಕೇಳಲಿಲ್ಲ. ಅದು ಕಲಿಸುವ ಕಾರು. ಪಕ್ಕದ ಸೀಟಿನವರ ಕಾಲಡಿಯಲ್ಲೂ ಒಂದು ಬ್ರೇಕ್ ಇದೆ. ಆ ಸೀಟಿನಲ್ಲಿ ಕೂತಿದ್ದವನು ನೀನು.

ಹೆದರಿ ತುಳಿದಿದ್ದರೆ ಹೇಳಿಬಿಡು. ಜೀವಭಯ ಯಾರಿಗಿಲ್ಲ? ಒಂದು ದಿನ ಬೈದು ಸುಮ್ಮನಾಗುತ್ತೇನೆ. ನೀನು ಹೇಳುತ್ತಿಲ್ಲವಲ್ಲ, ಅಲ್ಲೇ ಅನುಮಾನ. ಕಾಲು ಉಳುಕಿದ್ದು ಆಸ್ಪತ್ರೆಯ ಮೆಟ್ಟಿಲಿನಲ್ಲಿ ಎಂದೆ. ಕಾರಿನಿಂದ ಇಳಿಸುವಾಗಲೇ ನೀನು ಕಾಲೂರಲಾಗದೆ ಒದ್ದಾಡುತ್ತಿದ್ದೆ ಎಂದಳು ನರ್ಸ್. ಆ ಕೆಲಸ ಬಿಡು, ಬಿಡು ಎಂದು ನೀನು ಹಚ್ಚಿದ್ದ ವರಾತವೂ ನೆನಪಾಗುತ್ತದೆ. ಛೆ, ಕಟ್ಟಿಕೊಂಡವನ ಬಗ್ಗೆ ಹೀಗೆಲ್ಲ ಯೋಚಿಸಬಾರದು ಎಂದು ನನಗೆ ನಾನೇ ಬೈದುಕೊಳ್ಳುತ್ತೇನೆ. ಮತ್ತೆ ಅದೇ ಹುಳ ಕೊರೆಯುತ್ತದೆ.

ನನಗೆ ಕೆಲಸವೂ ಬೇಕು, ನೀನೂ ಬೇಕು. ಯಜಮಾನರಿಗೆ ನಿಜ ಹೇಳಿ, ಭಾನುವಾರ ನನ್ನನ್ನು ಕರೆದೊಯ್ಯಲು ಬಾ. ಕಾಯುತ್ತಿರುತ್ತೇನೆ.

ಸಿಟ್ಟಿನಲ್ಲೂ ನಿನ್ನವಳೇ ಆದ,
ಗಯ್ಯಾಳಿ

ಬರೆದ ಮೇಲೆ ಸೇರಿಸಿದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆಯ ಫೋನ್ ಬಂತು. ನೀನು ಹೆದರಿ ತುಳಿದುಬಿಟ್ಟೆಯಂತೆ, ಅವರಿಗೆ ಎಲ್ಲ ಹೇಳಿದ್ದೀಯಂತೆ. ನಿಜ ಹೇಳುತ್ತೇನೆ, ಎದೆ ಹಗುರಾಯಿತು. ಬರೀ ಹೆದರಿಕೆಯೇ ಅಲ್ಲವೇ ಎಂದು ಅತ್ತುಬಿಟ್ಟೆ. ಆಮೇಲೆ ಅವರೇ ಅಂದರು: ‘ಹೇಗೂ ಕೆಲಸ ಬಿಡೋಳು ನಾನು, ತಪ್ಪು ನಂದೇ ಅಂತಿರಲಿ ಅಂತ ನೀನೇ ಅವನಿಗೆ ಅಂದ್ಯಂತೆ. ಎಷ್ಟು ದೊಡ್ಡ ಮನಸ್ಸಮ್ಮ ನಿಂದು!’ ನಾನು ಯಾವಾಗ ಹಾಗೆಂದೆ, ದೊರೆ? ಅತ್ತೆಯ ಹತ್ತಿರವೂ ಅದನ್ನೇ ಕೇಳಿದೆ. ‘ಹಾಗಾದ್ರೆ ನಂಗೂ ಸುಳ್ಳು ಹೇಳಿದ್ನಾ ಅವ್ನು?’ ಎಂದು ಎರಡೆರಡು ಸಲ ಕೇಳಿದರು. ಭಾನುವಾರ ನೀನು ಬರಬೇಡ. ಸೋಮವಾರ ಯಜಮಾನರ ಹತ್ತಿರ ನನ್ನ ಜೊತೆ ಅತ್ತೆ ಬರುತ್ತಾರೆ.